ಅರಿಶಿನಕ್ಕೆ ಮೊದಲ ಕೈ ಯಾರದು

ನಮ್ಮ ದೊಡ್ಡಪ್ಪನವರಿಗೆ ಲೋಕದ ಜನರೆಲ್ಲರ ಬಗ್ಗೆ ಒಂದೊಂದು ಅಭಿಪ್ರಾಯವಿತ್ತು. ಅದನ್ನು ಅವರು ಬೆಳಗಿನ ಕಾಫಿ ಹಿಡಿದು ಜಗಲಿಯ ಮೇಲೆ ಕೂತು, ಯಾರೂ ಕೇಳದಿದ್ದರೂ, ಹೇಳುತ್ತಿದ್ದರು. ಘಟ್ಟದ ಕೆಳಗಿನವರು ಕುಡಿಯುವ ನೀರಿಗೂ ತೆಂಗಿನಕಾಯಿ ಹಾಕುತ್ತಾರೆ. ಬಯಲುಸೀಮೆಯವರದು ಮಾತು ಜೋರು, ಮರ್ಯಾದೆ ಕಡಿಮೆ. ಬೆಂಗಳೂರಿನವರು ಕಾಫಿ ಎಂದು ಕುಡಿಯುವುದು ಬಿಸಿ ಹಾಲು. ಕುದುರೆಮುಖದ ಗಣಿ ಕ್ವಾರ್ಟರ್ಸಿನಲ್ಲಿ ಇಡೀ ದೇಶದ ಜನ ಬಂದು ಕೂತಿದ್ದರಿಂದ ಅವರಿಗೆಲ್ಲ ಸೇರಿ ಒಂದೇ ಷರಾ: "ಊರಿಲ್ಲದ ಜನ." ಆಲ್ದೂರು ನಮಗೆ ಬಸ್ಸಿನಲ್ಲಿ ಒಂದು ನಿದ್ದೆಯ ದೂರ; ಅಲ್ಲಿಯವರನ್ನೂ ಬಿಡಲಿಲ್ಲ. "ಒಳ್ಳೆಯವ್ರೇ, ಆದ್ರೆ ಕೈ ಬಿಗಿ." ನಮ್ಮ ಮೂಡಿಗೆರೆ ಸೀಮೆಯವರು, ಅದರಲ್ಲೂ ನಮ್ಮ ಹಳ್ಳದ ಈಚೆ ದಡದವರು ಮಾತ್ರ ಮನುಷ್ಯರು ಹೇಗಿರಬೇಕೋ ಹಾಗಿದ್ದರು. ಹಳ್ಳದ ಆಚೆ ದಡದಲ್ಲಿ ದೊಡ್ಡಪ್ಪನವರ ಭಾವಮೈದನ ತೋಟವಿತ್ತು.

ಇಷ್ಟೆಲ್ಲ ಹೇಳುತ್ತ ಅವರು ಕುಡಿಯುತ್ತಿದ್ದ ಕಾಫಿ, ವ್ಯಾಪಾರದವರು ಬೇಡವೆಂದು ತಳ್ಳಿದ ಒಡಕು ಬೀಜದ್ದು. ಒಳ್ಳೆಯದನ್ನೆಲ್ಲ ಮಾರಿ ಕಸ ಕುಡಿಯುವ ಜನ ಎಂದು ನಮ್ಮ ಮೇಲೂ ಯಾರಾದರೂ ಒಂದು ಷರಾ ಬರೆಯಬಹುದಿತ್ತು. ಬರೆಯುವವರು ಇನ್ನೂ ಬಂದಿರಲಿಲ್ಲ ಅಷ್ಟೆ.

ಅವರು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಾಫಿ ಕುಯ್ಲಿನ ಕಾಲದಲ್ಲಿ. ನಾನು ಚಿಕ್ಕಮಗಳೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮನೆಯಲ್ಲಿದ್ದೆ ಎಂದರೆ ನನಗೆ ಗಂಡು ಹುಡುಕುತ್ತಿದ್ದರು ಎಂದರ್ಥ. ನನ್ನ ಲೆಕ್ಚರರ್ ಒಬ್ಬರು ದೊಡ್ಡಪ್ಪನವರಿಗೆ ಫೋನ್ ಮಾಡಿ, ಯುರೋಪಿನಿಂದ ಒಬ್ಬ ಮೇಡಂ ಬಂದಿದ್ದಾರೆ, ಮಲೆನಾಡಿನ ಹೆಂಗಸರ ಶಾಸ್ತ್ರ ಸಂಪ್ರದಾಯಗಳ ಬಗ್ಗೆ ಪುಸ್ತಕ ಬರೆಯುತ್ತಾರಂತೆ, ಕೆಲವು ತಿಂಗಳು ಇರಲು ಒಂದು ಒಳ್ಳೆಯ ಮನೆ ಬೇಕಂತೆ ಎಂದರು. ಒಳ್ಳೆಯ ಮನೆ ಎಂದ ಮೇಲೆ ದೊಡ್ಡಪ್ಪನವರು ಇಲ್ಲ ಎನ್ನುವುದುಂಟೇ? ಕಾಫಿ ಒಣಗಿಸುವ ಕಣದ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದರು.

ಮೇಡಂ ಕನ್ನಡ ಕಲಿತೇ ಬಂದಿದ್ದರು. ಕಲಿತದ್ದು ಪುಸ್ತಕದಿಂದ. "ನಾನು ತಮ್ಮ ಅಡುಗೆಮನೆಯನ್ನು ಪ್ರವೇಶಿಸಬಹುದೇ?" ಎಂದು ಬಾಗಿಲಲ್ಲಿ ನಿಂತು ಕೇಳಿದಾಗ ನಮ್ಮ ದೊಡ್ಡಮ್ಮ ಗಾಬರಿಯಾಗಿ ಸೆರಗು ಸರಿಮಾಡಿಕೊಂಡರು. ನಮ್ಮ ಮನೆಯಲ್ಲಿ ಅಂಥ ಕನ್ನಡ ಆಡುತ್ತಿದ್ದುದು ರೇಡಿಯೋ ಒಂದೇ.

ಮೊದಮೊದಲು ತೀರ್ಪು ಕೊಡುವ ಸರದಿ ನಮ್ಮದು. ಕೊಟ್ಟೆವು, ಕೈತುಂಬ ಕೊಟ್ಟೆವು. ಹಾಲಿಲ್ಲದ ಟೀ ಕುಡಿಯುತ್ತಾರೆ. ಬೆಳಿಗ್ಗೆ ಬಿಟ್ಟು ಸಂಜೆ ಸ್ನಾನ ಮಾಡುತ್ತಾರೆ. ಇಷ್ಟು ವಯಸ್ಸಾದರೂ ಮದುವೆಯಿಲ್ಲ. ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ, ಸಂಜೆ ತೋಟದ ದಾರಿಯಲ್ಲಿ ಸುಮ್ಮನೆ ನಡೆದು ಬರುತ್ತಿದ್ದರು. ದೊಡ್ಡಮ್ಮ ತಡೆಯಲಾರದೆ ಒಂದು ದಿನ ಕೇಳಿಯೇ ಬಿಟ್ಟರು.

"ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ."

"ಮತ್ತೆ ಎಂಥಕ್ಕೆ ಹೋದ್ರಿ?"

"ನಡೆಯುವುದಕ್ಕಾಗಿ."

ದೊಡ್ಡಮ್ಮ ಒಳಗೆ ಬಂದು ನನ್ನ ಹತ್ತಿರ, "ಅಲ್ಲ ಮಾರಾಯ್ತಿ, ಒಂದು ಪುಳ್ಳೆ ಸೌದೆ ಆದ್ರೂ ಹಿಡ್ಕೊಂಡು ಬರ್ಬಾರ್ದಾ?" ಎಂದರು.

ಆಮೇಲೊಂದು ಸಂಜೆ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ದೊಡ್ಡಪ್ಪ ಮೇಡಮ್ಮಿಗೆ ಅಪ್ಪ ಅಮ್ಮ ಇದ್ದಾರೆಯೇ ಎಂದು ವಿಚಾರಿಸಿದರು. ತಂದೆ ತೀರಿಹೋಗಿ ಬಹಳ ಕಾಲವಾಯಿತು ಎಂದರು ಮೇಡಂ. ತಾಯಿ? "ನನ್ನ ತಾಯಿಯವರು ತಮ್ಮ ಗೆಳೆಯನೊಂದಿಗೆ ವಾಸಿಸುತ್ತಾರೆ." ದೊಡ್ಡಪ್ಪನವರಿಗೆ ಕಾಫಿ ನೆತ್ತಿಗೆ ಹತ್ತಿತು. ದೊಡ್ಡಮ್ಮ ನನ್ನನ್ನು ಒಳಗೆ ಹೋಗು ಎಂದು ಕಣ್ಣಲ್ಲೇ ಗದರಿಸಿದರು, ಆ ಗೆಳೆಯ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದಾನೋ ಎನ್ನುವ ಹಾಗೆ. ನಮ್ಮಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿಕೊಂಡರು. ಮನೆಯಲ್ಲಿ ಏನೇ ಆದರೂ ನಮ್ಮಪ್ಪ ಮಾಡುತ್ತಿದ್ದುದು ಅದನ್ನೇ.

ಮಾತಾಡಿದವರು ನಮ್ಮತ್ತೆ ಒಬ್ಬರೇ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು, ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿ ನೋಡ್ಕೋತಾರಾ ಅವ್ರು, ನಿಮ್ಮ ಅಮ್ಮನ್ನ?" ಎಂದು ಕೇಳಿದರು.

"ಹೌದು. ಇಬ್ಬರೂ ಸಂತೋಷವಾಗಿದ್ದಾರೆ."

"ಹಾಗಾದ್ರೆ ಸರಿ," ಎಂದು ಅತ್ತೆ ಒಳಗೆ ಹೋದರು. ಮೇಡಂ ಅತ್ತೆಯ ಕಡೆ ತಿರುಗಿ ಸಹ ನೋಡಲಿಲ್ಲ. ದೊಡ್ಡಪ್ಪ ಏನು ಹೇಳುತ್ತಾರೋ ಎಂದು ಕಾಯುತ್ತಿದ್ದರು.

ಅತ್ತೆ ನಮ್ಮಪ್ಪನ ತಂಗಿ. ಮದುವೆಯಾಗಿ ಹೋದವರು ಎರಡು ಮಳೆಗಾಲ ಕಳೆಯುವುದರೊಳಗೆ ಗಂಡ ಸತ್ತು ತವರಿಗೆ ವಾಪಸು ಬಂದರು. ಅವರು ಬಂದ ಹೊಸತರಲ್ಲೇ ನನ್ನಮ್ಮ ತೀರಿಕೊಂಡಳು. ನಾನಿನ್ನೂ ಅನ್ನ ಕಲಸಿಕೊಳ್ಳಲು ಬಾರದ ಮಗು. ಗಂಡನಿಲ್ಲದ ಹೆಂಗಸಿಗೂ ತಾಯಿಯಿಲ್ಲದ ಮಗುವಿಗೂ ಸೇರಿಸಿ ಮನೆಯಲ್ಲಿ ಒಂದು ಕೋಣೆ ಕೊಟ್ಟರು. ಅಮ್ಮನ ಮುಖ ನನಗೆ ಫೋಟೋದಲ್ಲಿ ಗೊತ್ತು. ಅತ್ತೆಯ ಮುಖ ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತು. ಜಂಬ ಕೊಚ್ಚಿಕೊಳ್ಳಲು ನನಗೆ ಬೇರೇನಿಲ್ಲದಿದ್ದರೂ ಆ ಹೆಂಗಸು ಸಾಕಿದ ಮಗಳು ನಾನು ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇನ್ನು ನಮ್ಮ ಮೇಡಂ ನಮ್ಮ ಬಗ್ಗೆ ಏನು ತೀರ್ಪು ಕೊಟ್ಟರು? ಏನೂ ಕೊಡಲಿಲ್ಲ! ಅದೇ ಅವರ ವಿಶೇಷ. "ನಾನು ತೀರ್ಪು ನೀಡುವುದಿಲ್ಲ. ಅರ್ಥಮಾಡಿಕೊಳ್ಳುತ್ತೇನೆ," ಎನ್ನುತ್ತಿದ್ದರು. ಅವರ ಕಣ್ಣಿಗೆ ನಮ್ಮ ಮನೆಯಲ್ಲಿ ಅರ್ಥವಿಲ್ಲದ ವಸ್ತುವೇ ಇರಲಿಲ್ಲ. ಜಗಲಿಯ ಮೂಲೆಯಲ್ಲಿ ಕೆಟ್ಟು ಕೂತ ಒಂದು ಫ್ರಿಜ್ಜಿತ್ತು. ಅದರಲ್ಲಿ ದೊಡ್ಡಮ್ಮ ಹಳೆಯ ಸೀರೆ ಮಡಿಸಿಡುತ್ತಿದ್ದರು. ಮೇಡಂ ಅದರ ಮುಂದೆ ನಿಂತು, ಇದು ಹಿರಿಯರ ನೆನಪಿಗಾಗಿ ಇಟ್ಟದ್ದೇ ಎಂದು ಕೇಳಿದರು. ರಿಪೇರಿಯವನು ಬರಲಿಲ್ಲ ಎಂದೆ ನಾನು. ಮೇಡಂ ಬಹಳ ಹೊತ್ತು ತಲೆಯಾಡಿಸಿದರು. ದೊಡ್ಡಪ್ಪ ನಮ್ಮ ಎಸ್ಟೇಟಿನ ರೈಟರನ್ನು, ಅಂದರೆ ಹಾಜರಿ ಬರೆಯುವ ಗುಮಾಸ್ತನನ್ನು, ಜೀಪಿಗೆ ಡೀಸೆಲ್ ಹಾಕಿಸಲಿಲ್ಲವೆಂದು ಕಣದ ಮಧ್ಯೆ ನಿಲ್ಲಿಸಿ ಬಾಯಿಗೆ ಬಂದಂತೆ ಬೈದರು. ಮೇಡಂ ಅದನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡು ನನಗೆ ವಿವರಿಸಿದರು: "ಇಲ್ಲಿ ಬೈಗುಳವು ಆತ್ಮೀಯತೆಯ ಒಂದು ರೂಪ." ಆ ರೈಟರ್ ಹಿತ್ತಲ ಕಡೆ ಹೋಗಿ ದೊಡ್ಡಪ್ಪನವರಿಗೆ ತಿರುಗಿ ಎಷ್ಟು ಆತ್ಮೀಯತೆ ತೋರಿಸಿದನೋ ಅದು ಟೇಪಿನಲ್ಲಿ ಬರಲಿಲ್ಲ.

ನಮಗೆ ಇದು ಬಹಳ ಹಿತವಾಯಿತು. ಮಾಡಿದ್ದನ್ನೆಲ್ಲ ಸರಿ ಎನ್ನುವ ನೆಂಟರು ಯಾರಿಗೆ ಸಿಗುತ್ತಾರೆ ಹೇಳಿ? ಹಂದಿ ಮಾಂಸದ ಸಾರಿಗೆ ಕಡುಬು ಹಾಕಿಕೊಂಡು ಬೆವರು ಸುರಿಸುತ್ತ ಉಂಡು "ಅಮೋಘವಾಗಿದೆ" ಎಂದ ದಿನವಂತೂ ದೊಡ್ಡಪ್ಪ ಮೇಡಮ್ಮಿಗಿದ್ದ ಹಳೆಯ ಷರಾಗಳನ್ನೆಲ್ಲ ರದ್ದು ಮಾಡಿ, "ತಿಳಿದ ಹೆಂಗಸು ಕಣ್ರೋ" ಎಂದು ಹೊಸದೊಂದು ಕೊಟ್ಟರು. ಟೇಪ್ ರೆಕಾರ್ಡರಿನ ಮುಂದೆ ದಿನವೂ ಕೂತು ನಮ್ಮ ಕಡೆಯ ಸಂಪ್ರದಾಯ ಎಂದು ನೆನಪಿದ್ದದ್ದನ್ನೂ ನೆನಪಿಲ್ಲದ್ದನ್ನೂ ಹೇಳಿದರು. ದೊಡ್ಡಮ್ಮನೂ ಹೇಳಿದರು. ಅತ್ತೆಯ ಹತ್ತಿರ ಮಾತ್ರ ಆ ಯಂತ್ರ ಹೋಗಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ ಮೇಡಂ, "ಅವರು ಶುಭಕಾರ್ಯಗಳ ವಲಯದಿಂದ ಹೊರಗಿದ್ದಾರಲ್ಲವೇ?" ಎಂದರು. ಶುಭಕಾರ್ಯಗಳ ಅಡುಗೆಯೆಲ್ಲ ಅತ್ತೆಯದೇ. ಅವರು ಮಾಡಿದ ಕಜ್ಜಾಯ ನಡುಮನೆಗೆ ಬರಬಹುದಿತ್ತು, ಅವರು ಬರುವ ಹಾಗಿರಲಿಲ್ಲ.

ಕುಯ್ಲು ಮುಗಿಯುವ ಹೊತ್ತಿಗೆ ನನಗೆ ಕಳಸದ ಕಡೆಯ ಸಂಬಂಧ ನಿಶ್ಚಯವಾಯಿತು. ದೊಡ್ಡಪ್ಪನವರ ಪ್ರಕಾರ ಕಳಸದ ಕಡೆಯವರು ಭಾರಿ ಶಾಸ್ತ್ರದ ಜನ. ಗಂಡಿನ ಅಜ್ಜಿ ಒಬ್ಬರಿದ್ದಾರೆ, ಉಪ್ಪಿನಕಾಯಿಯಲ್ಲೂ ಕುಂದು ಹುಡುಕುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಅವತ್ತಿನಿಂದ ಮನೆಯಲ್ಲಿ ಏನು ಮಾಡಿದರೂ "ಕಳಸದವ್ರು ಏನಂದಾರು?" ಎನ್ನುವ ಮಾತು ಶುರುವಾಯಿತು. ಪಾಯಿಖಾನೆಗೆ ಹೊಸ ಬಾಗಿಲು ಹಾಕಿಸಿದ್ದೂ ಕಳಸದವರಿಗಾಗಿಯೇ.

ಅತ್ತೆ ಮಾತ್ರ ತಮ್ಮ ಪಾಡಿಗೆ ತಾವು ಹಿತ್ತಲ ಅರಿಶಿನ ಅಗೆದು, ಬೇಯಿಸಿ, ಒಣಗಿಸಿ, ಕುಟ್ಟಿ ಪುಡಿ ಮಾಡುತ್ತಿದ್ದರು. ಮದುವೆಯ ಹಿಂದಿನ ದಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಐದು ಜನ ಮುತ್ತೈದೆಯರು ಅರಿಶಿನ ಹಚ್ಚುವುದು ನಮ್ಮ ಪದ್ಧತಿ. ಅಂಗಡಿ ಪುಡಿ ನನ್ನ ಮುಖಕ್ಕೆ ಬೇಡವೆಂದು ಅತ್ತೆಯ ಹಟ. ಬೆರಳಿಗೆ ಹತ್ತಿದ ಬಣ್ಣ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಮ್ಮ ಜಗಲಿಯಲ್ಲಿ ಕೂತು ಆ ಐವರು ಯಾರ್ಯಾರೆಂದು ಬೆರಳು ಮಡಿಸುತ್ತಿದ್ದರು. ಮೊದಲನೆಯವರು ತಾವೇ.

"ಮೊದಲು ಅತ್ತೆ ಹಚ್ಬೇಕು," ಎಂದೆ ನಾನು.

"ಎಂಥ ಮಾತು ಅಂತ ಆಡ್ತೀಯ ಮಾರಾಯ್ತಿ! ಬಿಡ್ತು ಅನ್ನು!"

"ಎಂಥಕ್ಕೆ ಬಿಡ್ತು ಅನ್ಲಿ? ನನ್ನ ಸಾಕಿದ್ದು ಯಾರು?"

"ಸಾಕೋದು ಬೇರೆ, ಶಾಸ್ತ್ರ ಬೇರೆ," ಎಂದು ದೊಡ್ಡಪ್ಪ ನಡುವೆ ಬಂದರು. "ಗಂಡ ಸತ್ತೋಳ ಕೈಲಿ ಅರಿಶಿನ ಹಚ್ಸಿದ್ರೆ ಕಳಸದವ್ರು ಏನಂದಾರು?"

ನನಗೆ ಮೈ ಉರಿದು ಹೋಯಿತು. "ಅಪ್ಪಂಗೂ ಹೆಂಡ್ತಿ ಸತ್ತಿದಾಳೆ. ಅವ್ರು ಚಪ್ಪರದ ಬಾಗಿಲಲ್ಲಿ ಜರಿಪಂಚೆ ಉಟ್ಕೊಂಡು ನಿಂತು ಎಲ್ಲರನ್ನೂ ಬನ್ನಿ ಬನ್ನಿ ಅಂತಾರೆ. ಅದಕ್ಕೆ ಕಳಸದವ್ರು ಏನೂ ಅನ್ನಲ್ವಾ?"

ಪೇಪರ್ ಒಂದು ಅಂಗುಲ ಮೇಲಕ್ಕೆ ಹೋಯಿತು.

"ಅತ್ತೆ ಹಚ್ಚದೆ ನಾನು ಮಣೆ ಮೇಲೆ ಕೂರಲ್ಲ," ಎಂದೆ. ಬಾಯಿಂದ ಬಂದ ಮೇಲೆ ನನಗೂ ಸ್ವಲ್ಪ ಹೆದರಿಕೆಯಾಯಿತು, ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಆಗ ದೊಡ್ಡಪ್ಪನವರಿಗೆ ಒಂದು ಉಪಾಯ ಹೊಳೆಯಿತು. "ನಾನು ಹೇಳಿದ್ರೆ ಹಳೇ ಕಾಲದವ್ನು ಅಂತೀಯ. ಮೇಡಮ್ಮನ್ನೇ ಕೇಳಾಣ. ನಾಲ್ಕು ದೇಶ ಕಂಡೋರು, ಓದಿದೋರು. ಅವ್ರು ಹೇಳಿದ ಹಾಗೆ ಮಾಡಾಣ. ಆಗ್ಬೋದಾ?"

ಆಗಬಹುದು ಎಂದೆ, ಒಳಗೊಳಗೇ ಗೆದ್ದೆ ಅಂದುಕೊಂಡು. ಮೇಡಂ ಹೆಣ್ಣು, ಓದಿದವರು, ಅವರ ವಿಧವೆ ತಾಯಿ ಗೆಳೆಯನ ಜೊತೆ ಸುಖವಾಗಿದ್ದಾರೆ. ಅಂಥವರು ಅತ್ತೆಯ ಪರ ನಿಲ್ಲದೆ ಇನ್ನೆಲ್ಲಿ ನಿಲ್ಲುತ್ತಾರೆ? ಅತ್ತೆಗೂ ಹಾಗೇ ಅನ್ನಿಸಿರಬೇಕು. ಮಾರನೆಯ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪಂಚಾಯ್ತಿ ಎಂದು ಗೊತ್ತಾದ ಮೇಲೆ, ಎಂದೂ ಜಗಲಿಗೆ ಬಾರದವರು, ಮೇಡಮ್ಮಿನ ತಟ್ಟೆಯನ್ನು ತಾವೇ ತಂದು ಕೊಟ್ಟರು. ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ನನಗೆ ಹಾಕುವುದಕ್ಕಿಂತ ದೊಡ್ಡ ಮುದ್ದೆ ಹಾಕಿದ್ದರು. ಒಗೆದ ಸೀರೆ ಉಟ್ಟಿದ್ದರು.

ದೊಡ್ಡಪ್ಪ ಮೊಕದ್ದಮೆ ಮಂಡಿಸಿದರು. ಮೇಡಂ ರೊಟ್ಟಿ ತಿನ್ನುವುದು ನಿಲ್ಲಿಸಿ, ಕಣ್ಣು ಮುಚ್ಚಿ ಯೋಚಿಸಿ ಹೇಳಿದರು:

"ಯಾವುದೇ ಸಮಾಜವನ್ನು ಅದರದೇ ದೃಷ್ಟಿಯಿಂದ ನೋಡಬೇಕು. ವಿಧವೆಯನ್ನು ಹೊರಗಿಡುವುದು ನನಗೆ ವಿಚಿತ್ರವೆನಿಸಬಹುದು. ಆದರೆ ಅದು ನನ್ನ ಸಂಸ್ಕೃತಿಯ ಕಣ್ಣು. ನಿಮ್ಮ ಸಮಾಜದಲ್ಲಿ ಅದಕ್ಕೆ ಬಹಳ ಆಳವಾದ ಅರ್ಥವಿದೆ. ಅದನ್ನು ಬದಲಾಯಿಸಿ ಎನ್ನಲು ನಾನು ಯಾರು?"

"ಕೇಳಿದ್ಯಾ?" ಎಂದು ದೊಡ್ಡಪ್ಪ ತೊಡೆ ತಟ್ಟಿದರು. "ಆಳವಾದ ಅರ್ಥ ಇದೆಯಂತೆ! ನಮಗೇ ಗೊತ್ತಿರ್ಲಿಲ್ಲ!"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮಾತಾಡಿದರು. ಅಷ್ಟು ಜನರ ಮುಂದೆ ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮೇಡಂ, ನಿಮ್ಮ ಸಮಾಜ ನಿಮ್ಮ ಸಮಾಜ ಅಂದ್ರಲ್ಲ, ಅದ್ರಲ್ಲಿ ನಾನು ಇದೀನಾ ಇಲ್ವಾ?"

ಮೇಡಂ ಏನೋ ಹೇಳಹೊರಟರು.

"ಇರಿ. ನೀವು ಬಂದಾಗಿಂದ ಅಣ್ಣಯ್ಯನ್ನ ಕೇಳಿದ್ರಿ, ಅತ್ತಿಗೇನ ಕೇಳಿದ್ರಿ. ಕೆಟ್ಟು ಕೂತ ಆ ಫ್ರಿಜ್ಜನ್ನೂ ಬಿಡ್ಲಿಲ್ಲ, ಅದಕ್ಕೆ ಏನರ್ಥ ಅಂತ ಕೇಳಿದ್ರಿ. ನನ್ನ ಒಂದಿನ ಏನಾದ್ರೂ ಕೇಳಿದ್ರಾ? ನಿಮ್ಮಮ್ಮನ ವಿಷ್ಯ ಹೇಳ್ದಾಗ ನಾವೆಲ್ಲ ಕೆಟ್ಟದಾಗಿ ಅಂದ್ಕೊಂಡ್ವಿ. ನಾನೂ ಒಂದು ಗಳಿಗೆ ಅಂದ್ಕೊಂಡೆ. ಆಮೇಲೆ ಅವ್ರು ಚೆನ್ನಾಗಿದಾರಾ ಅಂತ ಕೇಳ್ದೆ. ನೀವು ನನ್ನ ಅಷ್ಟಾದ್ರೂ ಕೇಳ್ಬೋದಿತ್ತು."

ಹೇಳಿ, ಮೇಡಮ್ಮಿನ ಅರ್ಧ ತಿಂದ ತಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು. ಮೇಡಮ್ಮಿನ ಮುಖ ಕೆಂಪಗಾಗಿತ್ತು. ಬಿಳಿಯರ ಮುಖ ಕೆಂಪಾದರೆ ಮುಚ್ಚಿಡಲು ಆಗುವುದಿಲ್ಲ, ಪಾಪ. ನನಗೆ ಆ ಹೊತ್ತಿಗೆ ಪಾಪ ಎನ್ನಿಸಲಿಲ್ಲ, ಸರಿಯಾಗಿ ಆಯಿತು ಎನ್ನಿಸಿತು.

ಮೇಡಂ ಓಡಿಹೋಗುವ ಪೈಕಿಯಲ್ಲ. ಮಾರನೆಯ ದಿನ ಟೇಪ್ ರೆಕಾರ್ಡರ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, "ನಾನು ತಮ್ಮನ್ನು ಸಂದರ್ಶಿಸಬಹುದೇ?" ಎಂದರು. ಅತ್ತೆ ತಲೆಯೆತ್ತದೆ, "ಅದನ್ನ ಆಚೆ ಇಟ್ಟು ಬನ್ನಿ. ಕಾಯಿ ತುರೀರಿ," ಎಂದರು. ಮೇಡಂ ಇಟ್ಟು ಬಂದು, ಈಳಿಗೆ ಮಣೆಯ ಮೇಲೆ ಕಷ್ಟಪಟ್ಟು ಕೂತು, ಒಂದು ಹೋಳಿನ ಅರ್ಧದಷ್ಟು ತುರಿದು, ಉಳಿದರ್ಧವನ್ನು ನೆಲಕ್ಕೆ ಚೆಲ್ಲಿದರು. ನಾನು ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಗಂಭೀರವಾಗಿ ಹೇಳಿದರು: "ನಾನು ರಾತ್ರಿಯೆಲ್ಲ ಯೋಚಿಸಿದೆ. ಇದು ಅನ್ಯಾಯ. ಇದು ಶೋಷಣೆ. ನೀವು ಇದನ್ನು ಪ್ರತಿಭಟಿಸಬೇಕು."

ಅತ್ತೆ ನಕ್ಕೇ ಬಿಟ್ಟರು. "ನಿನ್ನೆ ಆಳವಾದ ಅರ್ಥ ಅಂದ್ರಿ. ಇವತ್ತು ಅನ್ಯಾಯ ಅಂತೀರಿ. ನಡುವೆ ನನ್ನ ಏನಾದ್ರೂ ಕೇಳಿದ್ರಾ ಮಾರಾಯ್ತಿ?"

ಮೇಡಂ ತುರಿಯುವುದನ್ನು ನಿಲ್ಲಿಸಿದರು. ಆಮೇಲೆ ಪುಸ್ತಕದ ಯಾವ ಮಾತನ್ನೂ ಹುಡುಕದೆ, "ನಿಮಗೆ ಏನು ಬೇಕು?" ಎಂದರು. ಬೀನ್ಸ್ ಹಿಡಿದ ನನ್ನ ಕೈಯೂ ನಿಂತಿತು. ಅತ್ತೆಗಾಗಿ ಅಷ್ಟು ಕುಣಿದಾಡಿದ ನಾನೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಅತ್ತೆ ಒಲೆಯ ಬೆಂಕಿ ಸರಿಮಾಡಿದರು. "ಹಚ್ಬೇಕು ಅಂತ ಆಸೆ ಇದೆ," ಎಂದರು. "ಇವಳಿಗೆ ಅನ್ನ ಕಲಸಿ ತಿನ್ಸೋದ್ರಿಂದ ಹಿಡ್ದು ಎಲ್ಲಾ ಮಾಡಿದೀನಿ, ಇದೊಂದನ್ನ ಬೇರೆಯವ್ರು ಮಾಡೋದು ಅಂದ್ರೆ ಹೊಟ್ಟೆಲಿ ಸಂಕಟ ಆಗತ್ತೆ. ಆದ್ರೆ ಹೆದ್ರಿಕೆನೂ ಇದೆ. ಹಚ್ಚಿದ್ಮೇಲೆ ಇವಳಿಗೋ ಇವಳ ಗಂಡಂಗೋ ಒಂದು ಜ್ವರ ಬಂತು ಅಂತಿಟ್ಕೊಳ್ಳಿ. ಊರಿನವ್ರು ನನ್ನ ಕೈ ಅಂತಾರೆ. ಅವ್ರು ಅನ್ಲಿ ಬಿಡಿ, ಅಷ್ಟೇನಿಲ್ಲ. ನಾನೇ ಅಂದ್ಕೋತೀನಿ. ನಂಗೂ ಅದು ಚಿಕ್ಕಂದಿಂದ ತಲೇಲಿ ಕೂತಿದೆ. ಅಣ್ಣಯ್ಯನ್ನ ಒಪ್ಸಿದ್ರೆ ಮುಗೀತು ಅಂದ್ಕೊಂಡಿದೀರಿ ಇಬ್ರೂ. ನನ್ನ ಯಾರು ಒಪ್ಸೋರು?"

ಮೇಡಂ ಅವತ್ತು ಏನನ್ನೂ ಅರ್ಥ ಮಾಡಿಕೊಂಡೆ ಎನ್ನಲಿಲ್ಲ. ಆ ದಿನದಿಂದ ದಿನವೂ ಅಡುಗೆಮನೆಗೆ ಬಂದು ಕಾಯಿ ತುರಿದರು. ಟೇಪಿನಲ್ಲಿ ದೊಡ್ಡಪ್ಪನವರ ದನಿ ಕಡಿಮೆಯಾಯಿತೆಂದು ದೊಡ್ಡಪ್ಪನವರಿಗೆ ಬೇಸರವಾಯಿತು. "ಏನೇ ಆಗ್ಲಿ, ಅವ್ರ ಕಡೆಯೋರಿಗೆ ಒಂದರಲ್ಲಿ ಮನಸ್ಸು ನಿಲ್ಲಲ್ಲ," ಎಂದು ಹೊಸ ಷರಾ ಹೊರಟಿತು.

ಮದುವೆಯ ಹಿಂದಿನ ದಿನ ಕಳಸದಿಂದ ಸೀರೆ, ಬಳೆ ತೆಗೆದುಕೊಂಡು ಗಂಡಿನ ಕಡೆಯ ಹೆಂಗಸರು ಜೀಪಿನಲ್ಲಿ ಬಂದರು, ಜೊತೆಗೆ ಆ ಭಯಂಕರ ಅಜ್ಜಿ. ಭಯಂಕರ ಅಜ್ಜಿ ಬಂದವರೇ ನಡುಮನೆಗೆ ಕಾಲಿಡದೆ ಚಪ್ಪರದ ಕಂಬದ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರು. ಏನು ಕುಂದು ಕಂಡಿತೋ ಎಂದು ದೊಡ್ಡಪ್ಪ ಅಂಗಳದಲ್ಲಿ ಸುತ್ತು ಹಾಕತೊಡಗಿದರು. ಹೊಸ ಬಾಗಿಲಿನ ಕಡೆ ಅವರ ಗಮನ ಸೆಳೆಯಲೂ ನೋಡಿದರು.

ನಾನು ಮಣೆಯ ಮೇಲೆ ಕೂತೆ. ಕೂರುವುದಿಲ್ಲ ಎಂದಿದ್ದೆನಲ್ಲ, ಹೌದು. ಅತ್ತೆಯೇ ಕೈಹಿಡಿದು ತಂದು, ನಡುಮನೆಯ ಹೊಸಿಲ ತನಕ ಬಂದು, ಅಲ್ಲಿಂದ ಮುಂದಕ್ಕೆ ನನ್ನನ್ನು ಮೆತ್ತಗೆ ನೂಕಿದ್ದರು. ದೊಡ್ಡಮ್ಮ ಅರಿಶಿನದ ಬಟ್ಟಲಿಗೆ ಕೈ ಹಾಕಿದರು. ನಾನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡೆ.

"ಇದೆಂಥ ಹಟ, ಜನ ನೋಡ್ತಿದಾರೆ!" ದೊಡ್ಡಮ್ಮ ಪಿಸುಗುಟ್ಟಿದರು.

"ಅತ್ತೆ, ಬನ್ನಿ," ಎಂದೆ, ಚಪ್ಪರಕ್ಕೂ ಕೇಳುವಷ್ಟು ಗಟ್ಟಿಯಾಗಿ. "ನಂಗೆ ಜ್ವರ ಬಂದ್ರೆ ಮಾತ್ರೆ ನುಂಗ್ತೀನಿ. ಅವ್ರಿಗೆ ಬಂದ್ರೆ ಅವ್ರಿಗೂ ನುಂಗಿಸ್ತೀನಿ. ನಿಮ್ಮ ಕೈ ಅಂತ ನಾನು ಸಾಯೋವರೆಗೂ ಅನ್ನಲ್ಲ. ನೀವು ಅಂದ್ಕೊಂಡ್ರೆ ನಾನು ಬಂದು ಜಗಳ ಆಡ್ತೀನಿ. ಬನ್ನಿ."

ಎಲ್ಲರೂ ಕಳಸದ ಅಜ್ಜಿಯ ಕಡೆ ನೋಡಿದರು. ಅವರು ಕುರ್ಚಿಯಿಂದೆದ್ದು, ನಿಧಾನವಾಗಿ ನಡುಮನೆಯ ಬಾಗಿಲಿಗೆ ಬಂದರು. ಆಗ ನಾನು ಸರಿಯಾಗಿ ನೋಡಿದೆ: ಅವರ ಹಣೆಯೂ ಬರಿದು, ಕೈಯೂ ಬರಿದು.

"ಸಾಕಿದೋರಾ?" ಎಂದು ಅತ್ತೆಯನ್ನು ತೋರಿಸಿ ಕೇಳಿದರು. ಹೂಂ ಎಂದೆ.

"ಮತ್ತೆಂಥ ನೋಡ್ತಾ ನಿಂತಿದೀರಿ? ಹಚ್ಲಿ. ನಿಮ್ಮ ಮೂಡಿಗೆರೆ ಕಡೆಯೋರು ಭಾರಿ ಶಾಸ್ತ್ರ ಅಂತ ಹೇಳಿದ್ರು ಅಂತ ನಾನೇ ಒಳಗೆ ಬರೋಕೆ ಹೆದ್ರಿ ಆಚೆ ಕೂತಿದ್ದೆ."

ದೊಡ್ಡಪ್ಪನವರ ಮುಖ ನೋಡಬೇಕಿತ್ತು! ಅವರು ಕಳಸಕ್ಕೆ ಹೆದರಿದ್ದರು, ಕಳಸ ಅವರಿಗೆ ಹೆದರಿತ್ತು.

ಅತ್ತೆ ಹೊಸಿಲು ದಾಟಿದರು. ಬಟ್ಟಲಿಗೆ ಬೆರಳದ್ದಿ ನನ್ನ ಕೆನ್ನೆಯ ಹತ್ತಿರ ತಂದರು. ಅಷ್ಟರಲ್ಲಿ, ಯಾರೋ ಬಾಣಲೆಗೆ ಒಣಮೆಣಸಿನ ಒಗ್ಗರಣೆ ಹಾಕಿದ ಘಾಟು ಮೂಗಿಗೆ ಹೊಡೆದು, ನಾನು ಸೀನಿಬಿಟ್ಟೆ.

ಒಂದೇ ಸೀನು! ಶುಭಕಾರ್ಯದ ಆರಂಭದಲ್ಲಿ ಒಂಟಿ ಸೀನು ಬಿದ್ದರೆ ನಮ್ಮ ಕಡೆ ಅದಕ್ಕಿಂತ ಕೆಟ್ಟ ಶಕುನವಿಲ್ಲ. ಎರಡನೆಯದು ಬಿದ್ದರೆ ದೋಷ ಹೋಯಿತು. ಇಡೀ ಮನೆ ಉಸಿರು ಬಿಗಿಹಿಡಿದು ನನ್ನ ಮೂಗನ್ನೇ ನೋಡಿತು. ನಾನು ಮೂಗು ಹಿಗ್ಗಿಸಿದೆ, ಕುಗ್ಗಿಸಿದೆ, ಸೂರ್ಯನ ಬೆಳಕಿನ ಕಡೆ ನೋಡಿದೆ. ಹಾಳಾದ್ದು ಬರಲೇ ಇಲ್ಲ. ಅತ್ತೆಯ ಕೈ ಕೆಳಗಿಳಿಯಿತು. "ನಾನು ಹೇಳ್ಲಿಲ್ವಾ ಮಗಾ," ಎಂದರು, ನನಗೆ ಮಾತ್ರ ಕೇಳುವ ಹಾಗೆ. ಕಣ್ಣು ತುಂಬಿತ್ತು. ಅಡುಗೆಮನೆಯ ಕಡೆ ತಿರುಗಿದರು.

"ಆಕ್ಷೀ!"

ಮೂಲೆಯಿಂದ ಬಂತು. ಟೇಪ್ ರೆಕಾರ್ಡರಿನ ಪಕ್ಕದಲ್ಲಿ ಮೇಡಂ, ಮದುವೆಗೆಂದು ಉಟ್ಟ ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಅಷ್ಟು ಸುಳ್ಳು ಸೀನನ್ನು ನಾನು ನನ್ನ ಜೀವಮಾನದಲ್ಲಿ ಕೇಳಿಲ್ಲ.

ದೊಡ್ಡಪ್ಪ ಚೇತರಿಸಿಕೊಂಡು, "ಸೀನಿದೋರೇ ಎರಡ್ನೇ ಸಲ ಸೀನ್ಬೇಕು, ಬೇರೆಯೋರು ಸೀನಿದ್ರೆ ಲೆಕ್ಕಕ್ಕಿಲ್ಲ," ಎಂದರು. ಹಾಗೊಂದು ನಿಯಮ ಅವರಿಗೆ ಆ ಗಳಿಗೆಯಲ್ಲೇ ಹುಟ್ಟಿದ್ದೆಂದು ನನ್ನ ಗುಮಾನಿ.

"ಮನೆಯೊಳಗೆ ಎರಡು ಸೀನು ಬಿತ್ತೋ ಇಲ್ವೋ?" ಎಂದು ಕಳಸದ ಅಜ್ಜಿ ಕೇಳಿದರು.

"ಬಿತ್ತು," ಎಂದರು ನಮ್ಮಪ್ಪ. ಕೈಯಲ್ಲಿ ಪೇಪರ್ ಇರಲಿಲ್ಲ.

"ಮೇಡಂ, ನೀವು ಬೇಕಂತ ಸೀನಿದ್ದಲ್ವಾ?" ದೊಡ್ಡಪ್ಪ ಬಿಡಲಿಲ್ಲ.

"ನಂಗೆ ನೆಗಡಿ ಮಾರಾಯ್ರೆ," ಎಂದರು ಮೇಡಂ.

ಅತ್ತೆ ಅವರ ಕಡೆ ಒಮ್ಮೆ ನೋಡಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ವಾಪಸು ಬಂದು, ನನ್ನ ಎದುರು ಮಂಡಿಯೂರಿ ಕೂತು, ಎರಡೂ ಅಂಗೈ ತುಂಬ ಅರಿಶಿನ ತೆಗೆದುಕೊಂಡು ನನ್ನ ಕೆನ್ನೆಗೆ ಹಚ್ಚಿದರು. ಹಚ್ಚಿದವರು ಕೈ ತೆಗೆಯಲಿಲ್ಲ. ಹಿಂದೆ ಐವರು ಮುತ್ತೈದೆಯರು ಸಾಲಾಗಿ ಕಾಯುತ್ತಿದ್ದರು. "ಸಾಕು ಬಿಡು, ಬೇರೆಯೋರೂ ಹಚ್ಬೇಕು," ಎಂದರು ದೊಡ್ಡಮ್ಮ. ಆಗಲೂ ತೆಗೆಯಲಿಲ್ಲ.